ಮೊದಲ ಕ್ಷೌರ ಮತ್ತು ಮುಖದ ಚರ್ಮ



ಆರೋಗ್ಯ ಇಲಾಖೆಯ ಪುಸ್ತಿಕೆಯಲ್ಲಿ ಗಡ್ಡ ತೆಗೆಯುವ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ಶಿಶುಗಳ ಲಸಿಕೆ, ಗರ್ಭಿಣಿಯ ಆಹಾರ, ಕುಟುಂಬ ಯೋಜನೆ ಇವುಗಳ ಮುಂದೆ ಇದು ಅಲ್ಪ ವಿಷಯವೆಂಬುದು ನಿಜ. ಆದರೆ ಹೊರರೋಗಿಗಳ ಸಾಲಿನಲ್ಲಿ ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು, ಮಾತನಾಡಲು ಸಂಕೋಚಪಡುತ್ತ ನಿಂತ ಹದಿನೇಳು ಹದಿನೆಂಟರ ಹುಡುಗರನ್ನು ಕಾಣುವ ವೈದ್ಯನಿಗೆ ಇದು ಅಲ್ಪವಾಗಿ ತೋರುವುದಿಲ್ಲ. ಅವರಿಗೆ ರೇಜರು ಮಾಡಿದ ಹಾನಿ ಎರಡು ದಿನದ್ದು. ಆ ಉರಿಗೆಂದು ಅಂಗಡಿಯಿಂದ ತಂದು ಹಚ್ಚಿದ ಮುಲಾಮಿನ ಹಾನಿ ತಿಂಗಳುಗಟ್ಟಲೆಯದು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳ ಯುವಕರನ್ನೂ ಅವರ ತಂದೆತಾಯಂದಿರನ್ನೂ ಉದ್ದೇಶಿಸಿ ಈ ನಾಲ್ಕು ಮಾತುಗಳನ್ನು ಹೇಳಬಯಸುತ್ತೇನೆ.

ನಮ್ಮ ಹಳ್ಳಿಗಳಲ್ಲಿ ಈ ಕೆಲಸ ತಲೆತಲಾಂತರದಿಂದ ಕ್ಷೌರಿಕರ ಕೈಯಲ್ಲಿದ್ದಿತು. ಅದು ಕಲಿತ ಕೈ. ಕತ್ತಿಯನ್ನು ಸಾಣೆ ಹಿಡಿದು, ಚರ್ಮದ ಪಟ್ಟಿಯ ಮೇಲೆ ಮಸೆದು, ಎದುರು ಕುಳಿತವನ ಕೆನ್ನೆಯನ್ನು ನೀರು ಹಾಕಿ ಚೆನ್ನಾಗಿ ತಿಕ್ಕಿ ನೆನೆಸಿದ ಮೇಲೆಯೇ ಅವರು ಕತ್ತಿ ಮುಟ್ಟಿಸುತ್ತಿದ್ದರು. ಎರಡು ಅಂಚಿನ ತೆಳು ಬ್ಲೇಡನ್ನು ತೊಡಿಸುವ ಸೇಫ್ಟಿ ರೇಜರನ್ನು ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಎಂಬಾತ 1903ರಲ್ಲಿ ಮಾರಾಟಕ್ಕೆ ತಂದು, 1904ರಲ್ಲಿ ಪೇಟೆಂಟ್ ಪಡೆದ. ಕ್ರಮೇಣ ಲೋಕದೆಲ್ಲೆಡೆ ಈ ಕೆಲಸ ಮನೆಯ ಕನ್ನಡಿಯ ಮುಂದಕ್ಕೆ ಬಂದಿತು. ‘ಸೇಫ್ಟಿ’ ಎಂದರೆ ಆಳವಾಗಿ ಕೊಯ್ಯುವುದಿಲ್ಲವೆಂದಷ್ಟೇ ಅರ್ಥ. ಚರ್ಮ ತರಚುವುದಿಲ್ಲವೆಂದು ಅರ್ಥವಲ್ಲ. ರೇಜರು ಮನೆಗೆ ಬಂದಿತು, ಆದರೆ ಕ್ಷೌರಿಕರ ನೆನೆಸುವ ತಾಳ್ಮೆ ಅದರೊಡನೆ ಬರಲಿಲ್ಲ.

ಉರಿ ಉಂಟಾಗುವುದು ಹೇಗೆಂಬುದನ್ನು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಒಣಗಿದ ಗಡ್ಡದ ಕೂದಲು ಬಹಳ ಗಡುಸು. ಅದೇ ಕೂದಲು ಎರಡು ಮೂರು ನಿಮಿಷ ಬಿಸಿನೀರಿನಲ್ಲಿ ನೆನೆದರೆ ನೀರನ್ನು ಹೀರಿ ಮೆತ್ತಗಾಗುತ್ತದೆ; ಬ್ಲೇಡು ಸುಲಭವಾಗಿ ಹಾಯುತ್ತದೆ. ನೆನೆಯದ ಕೂದಲನ್ನು ಬ್ಲೇಡು ಕತ್ತರಿಸುವುದಕ್ಕೆ ಮೊದಲು ಎಳೆಯುತ್ತದೆ. ಎಳೆತ ತಿಳಿದ ಕೂಡಲೇ ಹೊಸಬನು ರೇಜರನ್ನು ಇನ್ನಷ್ಟು ಒತ್ತುತ್ತಾನೆ. ಒತ್ತಿದಾಗ ಕೂದಲಿನ ಜೊತೆಗೆ ಚರ್ಮದ ಮೇಲುಪದರವೂ ಹೆರೆದು ಬರುತ್ತದೆ. ಕಣ್ಣಿಗೆ ಕಾಣದ ಈ ತರಚಿನ ಮೇಲೆ ಬೆವರು ಹರಿದಾಗ ಉರಿ, ಕೆಂಪು, ಸಣ್ಣ ಗುಳ್ಳೆ. ಅಂದರೆ ಮೂಲ ದೋಷ ಬ್ಲೇಡಿನದಲ್ಲ, ಅವಸರದ್ದು.

ಆದುದರಿಂದ ಸ್ನಾನವಾದ ಕೂಡಲೇ ಕ್ಷೌರ ಮಾಡಿಕೊಳ್ಳುವುದು ಅತ್ಯುತ್ತಮ. ಕ್ಷೌರವಾದ ಮೇಲೆಯೇ ಸ್ನಾನವೆಂಬ ಹಿರಿಯರ ಕಟ್ಟಳೆ ಇರುವ ಮನೆಯಲ್ಲಿ ಅದನ್ನು ಮುರಿಯಬೇಕೆಂದು ನಾನು ಹೇಳುವುದಿಲ್ಲ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ವಸ್ತ್ರವನ್ನು ಎರಡು ಮೂರು ನಿಮಿಷ ಮುಖಕ್ಕೆ ಒತ್ತಿಕೊಂಡರೂ ಅದೇ ಫಲ. ವಾರಕ್ಕೊಮ್ಮೆ ಮಾತ್ರ ಗಡ್ಡ ತೆಗೆಯುವವರು ಮೊದಲು ಕತ್ತರಿಯಿಂದ ಕೂದಲನ್ನು ಗಿಡ್ಡ ಮಾಡಿಕೊಳ್ಳತಕ್ಕದ್ದು. ಉದ್ದ ಕೂದಲು ರೇಜರಿನ ಸಂದಿಯಲ್ಲಿ ಸಿಕ್ಕಿ ಎಳೆಯುತ್ತದೆ. ಬಳಿಕ ಕ್ಷೌರದ ಸೋಪನ್ನು ಬ್ರಶ್ಶಿನಿಂದ ಸುತ್ತಿಸುತ್ತ ದಪ್ಪ ನೊರೆ ಬರುವಂತೆ ಹಚ್ಚಬೇಕು. ಬ್ರಶ್ಶು ಇಲ್ಲದಿದ್ದರೆ ಬೆರಳುಗಳಿಂದಲೂ ಆಗುತ್ತದೆ. ಮೈ ಸೋಪಿನಿಂದ ಕೆಲಸ ಸಾಗಬಹುದಾದರೂ ಅದರ ನೊರೆ ಬೇಗ ಒಣಗುವುದರಿಂದ ಒಂದೊಂದು ಕೆನ್ನೆಗೆ ಪ್ರತ್ಯೇಕವಾಗಿ ಹಚ್ಚಿಕೊಳ್ಳಿ. ಬಟ್ಟೆ ಸೋಪು ಮಾತ್ರ ಮುಖಕ್ಕೆ ಕೂಡದು. ಕೊಳವೆಬಾವಿಯ ಗಡಸು ನೀರಿನಲ್ಲಿ ನೊರೆ ಏಳದೆ ಜಿಡ್ಡು ಕಟ್ಟಿದರೆ, ನೀರನ್ನು ಕುದಿಸಿ ಆರಿಸಿ ಮೇಲಿನ ತಿಳಿಯನ್ನು ಬಳಸಿ ನೋಡಿ. ಗಡಸುತನದ ಒಂದು ಬಗೆ ಕುದಿಸುವುದರಿಂದಲೇ ತಗ್ಗುತ್ತದೆ. ಮಳೆನೀರು ಹಿಡಿದಿದ್ದರೆ ಇನ್ನೂ ಒಳ್ಳೆಯದು.

ಇನ್ನು ಕೈಯ ವಿಚಾರ. ರೇಜರಿನ ಹಿಡಿಯನ್ನು ಪೆನ್ನಿನಂತೆ ಬೆರಳ ತುದಿಗಳಲ್ಲಿ ಹಿಡಿಯಿರಿ; ಕುಡುಗೋಲಿನಂತೆ ಮುಷ್ಟಿಯಲ್ಲಿ ಬೇಡ. ರೇಜರಿನ ತಲೆಯನ್ನು ಕೆನ್ನೆಗೆ ಮಟ್ಟಸವಾಗಿ ಇಟ್ಟು, ಹಿಡಿಯನ್ನು ಮೆಲ್ಲನೆ ಕೆಳಗಿಳಿಸುತ್ತ ಬನ್ನಿ. ಬ್ಲೇಡು ಕೂದಲನ್ನು ಮುಟ್ಟಿದ ಸದ್ದು ಕೇಳಿದಲ್ಲಿ ನಿಲ್ಲಿಸಿ. ಅದೇ ಸರಿಯಾದ ಕೋನ, ಸುಮಾರು 30 ಡಿಗ್ರಿ. ಅಲ್ಲಿಂದ ಮುಂದೆ ರೇಜರಿನ ತೂಕವೇ ಸಾಕು, ಕೈಯ ಬಲ ಬೇಡ. ಒಂದೊಂದು ಸಲಕ್ಕೆ ಒಂದು ಅಂಗುಲದಷ್ಟು ಮಾತ್ರ ಎಳೆದು, ಎರಡು ಮೂರು ಎಳೆತಕ್ಕೊಮ್ಮೆ ನೀರಿನಲ್ಲಿ ಜಾಲಿಸಿ.

ಕೂದಲು ಬೆಳೆದ ದಿಕ್ಕನ್ನು ಮೊದಲೇ ತಿಳಿದಿರಬೇಕು. ಒಣಗಿದ ಮುಖದ ಮೇಲೆ ಬೆರಳಾಡಿಸಿರಿ. ನುಣುಪಾಗಿ ಸಾಗುವ ಕಡೆ ಕೂದಲಿನ ದಿಕ್ಕು, ತರಿ ತಗಲುವ ಕಡೆ ಅದರ ಎದುರು. ಕೆನ್ನೆಯಲ್ಲಿ ಕೂದಲು ಸಾಮಾನ್ಯವಾಗಿ ಕೆಳಮುಖ. ಕುತ್ತಿಗೆಯಲ್ಲಿ ಹಾಗಿಲ್ಲ, ಕೆಲವರಿಗೆ ಪಕ್ಕಕ್ಕೆ, ಕೆಲವರಿಗೆ ಮೇಲಕ್ಕೆ, ಕೆಲವರಿಗೆ ಸುಳಿಯಂತೆ ಬೆಳೆದಿರುತ್ತದೆ. ಉರಿಯ ದೂರು ಹೆಚ್ಚಾಗಿ ಕುತ್ತಿಗೆಯಿಂದಲೇ ಬರುವುದಕ್ಕೆ ಇದು ಕಾರಣ. ಕೂದಲಿನ ದಿಕ್ಕಿನಲ್ಲೇ ಎಳೆಯಿರಿ. ಮೊದಲ ಒಂದೆರಡು ತಿಂಗಳು ಎದುರು ದಿಕ್ಕಿನ ಯೋಚನೆಯೇ ಬೇಡ. ಗಲ್ಲ ಮತ್ತು ಮೇಲ್ದುಟಿಯ ಕೂದಲು ಹೆಚ್ಚು ಗಡುಸಾದ್ದರಿಂದ ಅವನ್ನು ಕೊನೆಗೆ ಉಳಿಸಿಕೊಂಡರೆ ನೆನೆಯಲು ಹೆಚ್ಚು ಕಾಲ ಸಿಗುತ್ತದೆ. ಚರ್ಮವನ್ನು ಬಲವಾಗಿ ಎಳೆದು ಹಿಡಿದು ಕತ್ತರಿಸಿದರೆ ಕೂದಲ ತುದಿ ಚರ್ಮದೊಳಕ್ಕೆ ಸರಿಯುತ್ತದೆ, ಆಮೇಲೆ ಬಾಗಿ ಒಳಗೇ ಬೆಳೆದು ಗುಳ್ಳೆಯಾಗುತ್ತದೆ. ಗುಂಗುರು ಕೂದಲಿನವರಿಗೆ ಈ ಕಷ್ಟ ಹೆಚ್ಚು. ಅಂಥವರು ನುಣ್ಣಗೆ ತೆಗೆಯುವ ಆಸೆಯನ್ನೇ ಬಿಟ್ಟು, ಕತ್ತರಿಯಿಂದಲೋ ಟ್ರಿಮ್ಮರಿನಿಂದಲೋ ಗಿಡ್ಡ ಮಾಡಿಕೊಂಡರೆ ಸುಖ.

ಒಂದೇ ಜಾಗವನ್ನು ನೊರೆಯಿಲ್ಲದೆ ಮತ್ತೆ ಮತ್ತೆ ಹೆರೆಯುವುದು ಹೊಸಬರ ದೊಡ್ಡ ಚಪಲ. ಅಲ್ಲೊಂದು ಇಲ್ಲೊಂದು ಕೂದಲು ಉಳಿದರೆ ಉಳಿಯಲಿ, ನಾಳೆ ನೋಡಿದರಾಯಿತು. ಮುಗಿದ ಮೇಲೆ ತಣ್ಣೀರಿನಿಂದ ತೊಳೆದು, ತನ್ನದೇ ಟವೆಲಿನಿಂದ ಒತ್ತಿ ಒರೆಸಿಕೊಳ್ಳಿ, ಉಜ್ಜಬೇಡಿ. ಚುರ್ರೆನ್ನುವ ಲೋಷನ್ನು ಒಳ್ಳೆಯದೆಂಬುದು ಬರಿಯ ನಂಬಿಕೆ. ಅದರ ಸ್ಪಿರಿಟು ತರಚಿದ ಚರ್ಮವನ್ನು ಇನ್ನಷ್ಟು ಒಣಗಿಸುತ್ತದೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಬೀಳಬಹುದು. ಒಣಚರ್ಮದವರು ಒಂದೆರಡು ಹನಿ ಕೊಬ್ಬರಿ ಎಣ್ಣೆ ಸವರಬಹುದು. ಮೊಡವೆಯಿರುವ ಹುಡುಗರಿಗೆ ಅದೂ ಬೇಡ. ಮೊಡವೆಯ ತಲೆಯನ್ನು ಬ್ಲೇಡಿನಿಂದ ಹಾರಿಸದೆ ಸುತ್ತಲೂ ಬಳಸಿ ಹೋಗತಕ್ಕದ್ದು. ಬೇಗ ಬೇಗ ಹೆರೆದರೆ ಮೀಸೆ ದಟ್ಟವಾಗಿ ಬರುತ್ತದೆಂದು ನಂಬಿ ಹದಿನಾಲ್ಕರಲ್ಲೇ ರೇಜರು ಹಿಡಿಯುವವರಿದ್ದಾರೆ. ಕತ್ತರಿಸಿದ ತುದಿ ಮೊಂಡಾದ್ದರಿಂದ ಒರಟಾಗಿ ತೋರುತ್ತದೆಯೇ ಹೊರತು ಕೂದಲಿನ ಸಂಖ್ಯೆಯಾಗಲಿ ದಪ್ಪವಾಗಲಿ ಹೆಚ್ಚುವುದಿಲ್ಲ.

ನಮ್ಮ ಸೀಮೆಗೆ ವಿಶೇಷವಾದ ಎರಡು ಸಂಗತಿಗಳನ್ನು ಇಲ್ಲಿ ಹೇಳಬೇಕು. ಹುಣಸೂರು, ಪಿರಿಯಾಪಟ್ಟಣದ ಕಡೆ ಜುಲೈಯಿಂದ ಸೆಪ್ಟೆಂಬರಿನವರೆಗೆ ಹೊಗೆಸೊಪ್ಪು ಮುರಿದು ಬ್ಯಾರನ್ನಿಗೆ ತುಂಬುವ ಕಾಲ. ಎಲೆಯ ಅಂಟು ಕೈಗೆ ಕಪ್ಪಗೆ ಹತ್ತುತ್ತದೆ. ಮಳೆಯಲ್ಲೋ ಇಬ್ಬನಿಯಲ್ಲೋ ನೆಂದ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಸೇರುತ್ತದೆ. ಸೊಪ್ಪು ಮುರಿದ ದಿನ ತಲೆಸುತ್ತು, ವಾಂತಿ, ತಲೆನೋವು ಬರುವುದು ಇದರಿಂದ. ಗಾಯವಾದ ಚರ್ಮ ಈ ವಿಷವನ್ನು ಹೆಚ್ಚಾಗಿ ಹೀರುತ್ತದೆ. ಬೆಳಗ್ಗೆ ಗಡ್ಡ ತೆಗೆದು ನೇರವಾಗಿ ಹೊಲಕ್ಕಿಳಿದು, ಅಂಟುಗೈಯಲ್ಲೇ ಮುಖದ ಬೆವರು ಒರೆಸಿಕೊಳ್ಳುವುದು ಆದಕಾರಣ ಸಲ್ಲದು. ಆ ಮೂರು ತಿಂಗಳು ಕ್ಷೌರವನ್ನು ಸಂಜೆಗೆ ಇಟ್ಟುಕೊಳ್ಳಿ. ಕೆಲಸ ಮುಗಿಸಿ, ಸೋಪು ಹಾಕಿ ಕೈ ತೊಳೆದು, ಸ್ನಾನ ಮಾಡಿ, ಆಮೇಲೆ ರೇಜರು. ರಾತ್ರಿಯ ವಿಶ್ರಾಂತಿಯಲ್ಲಿ ಚರ್ಮ ಸಾಕಷ್ಟು ಸುಧಾರಿಸಿಕೊಳ್ಳುತ್ತದೆ. ಕೃಷ್ಣರಾಜನಗರದ ಕಡೆ ಭತ್ತ ಒಕ್ಕುವ ದಿನಗಳಲ್ಲಿ ಹೊಟ್ಟಿನ ಧೂಳಿಗೂ ಇದೇ ಮಾತು ಸಲ್ಲುತ್ತದೆ.

ಎರಡನೆಯದು ಪಾರ್ಥೇನಿಯಂ. 1950ರ ದಶಕದಲ್ಲಿ ಪುಣೆಯ ಬಳಿ ಮೊದಲು ಗಮನಕ್ಕೆ ಬಂದ ಈ ಕಳೆ ಈಗ ನಮ್ಮ ರಸ್ತೆಯ ಬದಿಯನ್ನೂ ಬೀಳುಭೂಮಿಯನ್ನೂ ತುಂಬಿದೆ. ಇದರ ಒಣ ಚೂರುಗಳು ಗಾಳಿಯಲ್ಲಿ ಹಾರಿ, ಒಗ್ಗದವರ ಮುಖ ಕುತ್ತಿಗೆಗಳಲ್ಲಿ ತುರಿಕೆ ಎಬ್ಬಿಸುತ್ತವೆ. ಅದನ್ನು ರೇಜರಿನ ಉರಿಯೆಂದು ಭ್ರಮಿಸುವವರು ಬಹಳ. ಗುರುತಿಸುವ ಬಗೆ ಸುಲಭ: ರೇಜರು ಹೋಗದ ಕಣ್ಣಿನ ರೆಪ್ಪೆ, ಕುತ್ತಿಗೆಯ ಹಿಂಭಾಗ, ಮೊಣಕೈಯ ಮಡಿಕೆಗಳಲ್ಲೂ ತುರಿಕೆಯಿದ್ದರೆ ಅದು ಕ್ಷೌರದ ಬಾಧೆಯಲ್ಲ. ಎಷ್ಟು ಬ್ಲೇಡು ಬದಲಿಸಿದರೂ ಅದು ಹೋಗದು; ವೈದ್ಯರಿಗೆ ತೋರಿಸಬೇಕು.

ಇಲ್ಲಿಯವರೆಗೆ ಹೇಳಿದ್ದು ಉರಿಯ ಮಾತು. ಇದಕ್ಕಿಂತ ಗಂಭೀರವಾದುದು ಒಬ್ಬರ ಬ್ಲೇಡನ್ನು ಇನ್ನೊಬ್ಬರು ಬಳಸುವುದು. ಅಪ್ಪನ ರೇಜರನ್ನು ಮಗ, ಹಾಸ್ಟೆಲಿನಲ್ಲಿ ಗೆಳೆಯನದನ್ನು ಗೆಳೆಯ ತೆಗೆದುಕೊಳ್ಳುವುದು ಸಲಿಗೆಯ ಮಾತೆಂದು ಕಾಣುತ್ತದೆ. ಕೋಟೆ ತಾಲ್ಲೂಕಿನ ಕಾಡಂಚಿನಲ್ಲಿ, ಅಂಗಡಿ ದೂರವಿರುವ ಹಾಡಿಗಳಲ್ಲಿ, ಒಂದು ಬ್ಲೇಡು ಕೈಯಿಂದ ಕೈಗೆ ಹೋಗುವ ಸಂಭವ ಇನ್ನೂ ಹೆಚ್ಚು. ಬ್ಲೇಡಿಗೆ ಅಂಟಿದ ರಕ್ತ ಕಾಣದಷ್ಟು ಕಡಿಮೆಯಿದ್ದರೂ ಅದರಲ್ಲಿ ಹೆಪಟೈಟಿಸ್ ಬಿ ಎಂಬ ಕಾಮಾಲೆಯ ವೈರಾಣು ಇರಬಹುದು. ಅದು ದೇಹದ ಹೊರಗೆ ಒಣಗಿದ ರಕ್ತದಲ್ಲಿಯೂ ಏಳು ದಿನಗಳವರೆಗಾದರೂ ಬದುಕಿರಬಲ್ಲದು. ಬರಿಯ ನೀರಿನಲ್ಲಿ ಜಾಲಿಸಿದರೆ ಅದು ಸಾಯುವುದಿಲ್ಲ. ಹೆಪಟೈಟಿಸ್ ಸಿ ಕೂಡ ರಕ್ತದಿಂದ ಹರಡುವಂಥದ್ದು. ಹೆಪಟೈಟಿಸ್ ಬಿ ಲಸಿಕೆ 2011ರ ಹೊತ್ತಿಗೆ ದೇಶದೆಲ್ಲೆಡೆ ಶಿಶುಗಳ ಲಸಿಕೆಗಳಲ್ಲಿ ಸೇರಿತು. ಅದಕ್ಕೆ ಮೊದಲು ಹುಟ್ಟಿದವರಲ್ಲಿ ಅನೇಕರಿಗೆ ಈ ರಕ್ಷಣೆ ದೊರೆತಿಲ್ಲ. ಮನೆಯಲ್ಲಿ ಗಂಡಸರು ಎಷ್ಟು ಮಂದಿಯೋ ಅಷ್ಟು ರೇಜರುಗಳಿರಲಿ. ಕ್ಷೌರದಂಗಡಿಗೆ ಹೋದಾಗ ಹೊಸ ಬ್ಲೇಡನ್ನು ತಮ್ಮೆದುರಿಗೇ ಕಾಗದದಿಂದ ಬಿಚ್ಚಿ ತೊಡಿಸುವಂತೆ ಕೇಳಿರಿ. ಅದರಲ್ಲಿ ಅವಮಾನವೇನೂ ಇಲ್ಲ. ಒಳ್ಳೆಯ ಕ್ಷೌರಿಕರು ಕೇಳುವ ಮೊದಲೇ ಹಾಗೆ ಮಾಡುತ್ತಾರೆ. ಆದರೆ ಪಟಿಕದ ಕಲ್ಲಿನ ಕಡೆ ಯಾರ ಗಮನವೂ ಹೋಗುವುದಿಲ್ಲ. ಪಟಿಕ ರಕ್ತ ನಿಲ್ಲಿಸುವುದು ನಿಜ. ಆದರೆ ಹತ್ತು ಜನರ ಗಾಯಕ್ಕೆ ಉಜ್ಜಿದ ಕಲ್ಲು ಹನ್ನೊಂದನೆಯವನ ಗಾಯಕ್ಕೂ ಬರುತ್ತದೆ. ಒಂದು ತುಂಡನ್ನು ತಾವೇ ಕೊಂಡು ಮನೆಯಲ್ಲಿಟ್ಟುಕೊಳ್ಳಬಹುದು.

ಈಗ ಮುಲಾಮಿನ ವಿಚಾರ. ಕ್ಷೌರದ ಸಾಮಾನ್ಯ ಉರಿಗೆ ತಣ್ಣೀರಿನ ಬಟ್ಟೆ ಮತ್ತು ಎರಡು ಮೂರು ದಿನ ರೇಜರಿಗೆ ರಜೆ, ಇಷ್ಟೇ ಔಷಧ. ಆದರೆ ಅವಸರದ ಹುಡುಗ ಔಷಧದಂಗಡಿಗೆ ಹೋಗಿ ‘ಯಾವುದಾದರೂ ಒಂದು ಟ್ಯೂಬು’ ಕೇಳುತ್ತಾನೆ. ಹಾಗೆ ಸಿಗುವ ಅನೇಕ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಹಚ್ಚಿದ ಮರುದಿನ ಕೆಂಪು ಮಾಯವಾಗಿ ಮುಖ ಬೆಳ್ಳಗೆ ತೋರುವುದರಿಂದ ಅವನಿಗೆ ಸಂತೋಷ. ಕೆಲವು ವಾರ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಮೊಡವೆ ಏಳುತ್ತದೆ, ಬಿಸಿಲು ತಾಗಿದರೆ ಉರಿಯುತ್ತದೆ. ಬಿಟ್ಟರೆ ಮೊದಲಿಗಿಂತ ಹೆಚ್ಚಾಗಿ ಕೆರಳುವುದರಿಂದ ಬಿಡಲೂ ಆಗದು. ಗಡ್ಡದಲ್ಲಿ ಹುಳುಕಡ್ಡಿ ಇದ್ದರಂತೂ ಮುಲಾಮಿನ ಮರೆಯಲ್ಲಿ ಅದು ಹಬ್ಬುತ್ತಲೇ ಇರುತ್ತದೆ. ಕೇಂದ್ರ ಸರ್ಕಾರವು 2018ರಲ್ಲಿ ಇಂಥ ಹದಿನಾಲ್ಕು ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿತು. ಕಾನೂನು ಅಂಗಡಿಯವರಿಗೆ, ಕೇಳದಿರುವ ವಿವೇಕ ಕೊಳ್ಳುವವರಿಗೆ ಬೇಕು.

ಕೂದಲ ಬುಡದಲ್ಲಿ ಕೀವು ತುಂಬಿದ ಗುಳ್ಳೆ, ಮೇಲೆ ಹೊಪ್ಪಳೆ ಕಟ್ಟಿದ ಹುಣ್ಣು, ಅಂಚು ಕೆಂಪಾಗಿ ಬಳೆಯಾಕಾರದಲ್ಲಿ ಹರಡುವ ತುರಿಕೆ, ಊತ ಅಥವಾ ಜ್ವರ, ಇವುಗಳಲ್ಲಿ ಯಾವುದು ಕಂಡರೂ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಬನ್ನಿ. ಮಧುಮೇಹವುಳ್ಳವರು ಒಂದು ದಿನವೂ ತಡಮಾಡಕೂಡದು. ಮೂಗು ಮತ್ತು ಮೇಲ್ದುಟಿಯ ಮೇಲಿನ ಕೀವುಗುಳ್ಳೆಯನ್ನು ಹಿಸುಕಲೇಬಾರದು. ಆ ಭಾಗದ ರಕ್ತನಾಳಗಳಿಗೆ ಮೆದುಳಿನ ಬದಿಯ ನಾಳಗಳೊಡನೆ ಸಂಪರ್ಕವಿದೆ. ಅಗತ್ಯವಾದಲ್ಲಿ ನಮ್ಮ ವೈದ್ಯರೇ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಚೀಟಿ ಬರೆದು ಕಳುಹಿಸುತ್ತಾರೆ. ಹತ್ತು ಮತ್ತು ಹದಿನಾರನೆಯ ವಯಸ್ಸಿನಲ್ಲಿ ಕೊಡುವ ಟಿ.ಡಿ. ಲಸಿಕೆ ಮಗನಿಗೆ ಆಗಿದೆಯೇ ಎಂಬುದನ್ನು ತಾಯಂದಿರು ಇದೇ ಸಂದರ್ಭದಲ್ಲಿ ವಿಚಾರಿಸಿಕೊಳ್ಳಬಹುದು.

ಕೊನೆಯದಾಗಿ ಹಳೆಯ ಬ್ಲೇಡು. ಕೂದಲನ್ನು ಎಳೆಯತೊಡಗಿದ ದಿನವೇ ಅದರ ಆಯುಸ್ಸು ಮುಗಿಯಿತು. ನಾಲ್ಕೈದು ಕ್ಷೌರಕ್ಕಿಂತ ಹೆಚ್ಚು ಅದನ್ನು ದುಡಿಸುವುದು ಉಳಿತಾಯವಲ್ಲ. ಅದನ್ನು ತಿಪ್ಪೆಗೆ ಎಸೆಯುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಗುತ್ತದೆ, ಹೊಲದಲ್ಲಿ ಬರಿಗಾಲಿನ ಹೆಂಗಸರೂ ಮಕ್ಕಳೂ ನಡೆಯುತ್ತಾರೆ. ಮೇವಿನೊಡನೆ ದನದ ಹೊಟ್ಟೆ ಸೇರಿದ ಲೋಹದ ಚೂರು ಹೊಟ್ಟೆಯ ಗೋಡೆಯನ್ನು ತೂರಿ ಹೃದಯದವರೆಗೂ ಹೋಗಬಲ್ಲದು. ಮುಚ್ಚಳವುಳ್ಳ ಹಳೆಯ ತಗಡಿನ ಡಬ್ಬಿಯೊಂದಕ್ಕೆ ಬ್ಲೇಡು ತೂರುವಷ್ಟು ಸೀಳು ಕೊರೆದು, ಮುಚ್ಚಳವನ್ನು ಬಿಗಿಯಾಗಿ ಕಟ್ಟಿ, ಕನ್ನಡಿಯ ಹಿಂದೆ ಮಕ್ಕಳ ಕೈಗೆ ಎಟುಕದಂತೆ ಇಡಿ. ಅದು ತುಂಬಲು ವರ್ಷಗಳೇ ಹಿಡಿಯುತ್ತವೆ. ತುಂಬಿದಾಗ ಸೀಳನ್ನು ಅಂಟುಪಟ್ಟಿಯಿಂದ ಮುಚ್ಚಿ, ಒಳಗೆ ಬ್ಲೇಡುಗಳಿವೆಯೆಂದು ಮೇಲೆ ಬರೆದು, ಕಸ ಒಯ್ಯುವವರ ಕೈಗೆ ತಿಳಿಸಿ ಕೊಡಿ.