ಒಂಟಿ ತಾಯಂದಿರು ಮತ್ತು ಆದಾಯ ತೆರಿಗೆ

(2025ರ ವಿದ್ಯಾರ್ಥಿವೇತನ ವಿತರಣೆಯ ದಿನ ಮಾಲೇಕಲ್ಲಿನಲ್ಲಿ ಮಾಡಿದ ಭಾಷಣ)

 

ಒಂಟಿಯಾಗಿ ಮಕ್ಕಳನ್ನು ಸಾಕುವವರಿಗೆ ಅಮೆರಿಕದಂಥ ದೇಶದಲ್ಲಿ ಪ್ರತ್ಯೇಕ ತೆರಿಗೆ ದರವೇ ಇದೆ. ನಮ್ಮ ಕಾನೂನಿನಲ್ಲಿ ಅದಿಲ್ಲ. ಇರುವಷ್ಟನ್ನಾದರೂ ಕಳೆದುಕೊಳ್ಳಬೇಡಿ ಎಂದು ಹೇಳಲು ನಿಂತಿದ್ದೇನೆ.

ಇತ್ತೀಚೆಗೆ ಒಬ್ಬ ತಂಗಿ ಅರಸೀಕೆರೆಯಲ್ಲಿ ನನ್ನ ಬಳಿ ಬಂದರು. ಗಂಡ ಸರ್ಕಾರಿ ನೌಕರಿಯಲ್ಲಿದ್ದು ತೀರಿಕೊಂಡವರು. ಕುಟುಂಬ ಪಿಂಚಣಿ ತಿಂಗಳಿಗೆ 20,000. ಗ್ರಾಚ್ಯುಟಿ ಹಣವನ್ನು ಹತ್ತನೇ ತರಗತಿಯ ಮಗನ ಹೆಸರಿನಲ್ಲಿ ಠೇವಣಿ ಇಟ್ಟಿದ್ದರು. 2024-25ರಲ್ಲಿ 60,000 ಬಡ್ಡಿ ಬಂತು, ಬ್ಯಾಂಕು 6,000 ಟಿಡಿಎಸ್ ಹಿಡಿಯಿತು. "ಮಕ್ಕಳ ದುಡ್ಡಿಗೆ ತೆರಿಗೆ ಇಲ್ಲ ಅಂದಿದ್ರಲ್ಲಣ್ಣ?" ಎಂದು ಕೇಳಿದರು.

ಹಾಗಲ್ಲ. 18 ತುಂಬದ ಮಗುವಿನ ಬಡ್ಡಿ ತಾಯಿಯ ಆದಾಯಕ್ಕೇ ಸೇರುತ್ತದೆ. ಮಗುವಿಗೆ 1,500ರ ವಿನಾಯಿತಿ ಅಷ್ಟೆ, ಅದೂ ಹಳೆಯ ಪದ್ಧತಿಯಲ್ಲಿ ಮಾತ್ರ. ತಲಾಖ್ ಆಗಿದ್ದರೆ ಮಗುವನ್ನು ಸಾಕುತ್ತಿರುವವರ ಲೆಕ್ಕಕ್ಕೆ. ಬಡ್ಡಿ ಹಣವನ್ನು ಏನು ಮಾಡಬೇಕೆಂದು ಉಲಮಾಗಳನ್ನು ಕೇಳಿ. ಅದನ್ನು ಮುಟ್ಟದೆ ಬಡವರಿಗೆ ಕೊಟ್ಟುಬಿಟ್ಟರೂ ತೆರಿಗೆ ಇಲಾಖೆ ಅದನ್ನು ನಿಮ್ಮ ಆದಾಯವೆಂದೇ ಎಣಿಸುತ್ತದೆ.

ಪಿಂಚಣಿ ವರ್ಷಕ್ಕೆ 2,40,000. ಕುಟುಂಬ ಪಿಂಚಣಿಯಲ್ಲಿ ಮೂರನೇ ಒಂದು ಭಾಗ ಅಥವಾ 25,000, ಯಾವುದು ಕಡಿಮೆಯೋ ಅದನ್ನು ಹೊಸ ಪದ್ಧತಿಯಲ್ಲಿ ಕಳೆಯಬಹುದು. ಕೆಲವರು ಇದನ್ನು ಸಂಬಳದ ಕಾಲಮ್ಮಿನಲ್ಲಿ ತುಂಬಿ 75,000 ಕಳೆದುಬಿಡುತ್ತಾರೆ. ಅದು ತಪ್ಪು, ನೋಟಿಸು ಬರುತ್ತದೆ. ಆ ತಂಗಿಯ ಲೆಕ್ಕ 2,75,000ಕ್ಕೆ ನಿಂತಿತು. ಆ ವರ್ಷದ ಮಿತಿ 3 ಲಕ್ಷ; ತೆರಿಗೆ ಸೊನ್ನೆ. ಆದರೆ ರಿಟರ್ನ್ ಹಾಕದೆ ಆ 6,000 ಹಿಂದಕ್ಕೆ ಬರುವುದಿಲ್ಲ. 2024ರ ಏಪ್ರಿಲ್‌ನಲ್ಲೇ ಬ್ಯಾಂಕಿಗೆ 15ಜಿ ಫಾರಂ ಕೊಟ್ಟಿದ್ದರೆ ಹಿಡಿಯುತ್ತಲೇ ಇರಲಿಲ್ಲ. ಪುಣ್ಯಕ್ಕೆ ಠೇವಣಿಗೆ ತಾಯಿಯ ಪ್ಯಾನ್ ಕೊಟ್ಟಿದ್ದರು, ಇಲ್ಲದಿದ್ದರೆ ಹಿಡಿತ ಶೇಕಡ 20.

ಗಂಡನ ಕೊನೆಯ ರಿಟರ್ನ್ ಬಾಕಿಯಿದ್ದರೆ ವಾರಸುದಾರರಾಗಿ ನೀವೇ ಹಾಕಬೇಕು. ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮುಗಿಯುವುದರೊಳಗೆ ಎಷ್ಟೋ ಸಲ ಗಡುವು ದಾಟಿರುತ್ತದೆ. ಇದು ಆನ್‌ಲೈನ್ ಕೆಲಸ, ಮನೆಯಲ್ಲೇ ಕುಳಿತು ಮಾಡಬಹುದು. ಗಡುವು ತಪ್ಪಿದರೂ ಡಿಸೆಂಬರ್ 31ರವರೆಗೆ ಅವಕಾಶವಿದೆ.

ಶಾಲೆ ಫೀಸಿನ ಕಡಿತ ಹಳೆಯ ಪದ್ಧತಿಯಲ್ಲಿ ಮಾತ್ರ, ಅದೂ ಬೋಧನಾ ಶುಲ್ಕಕ್ಕೆ. ಡೊನೇಷನ್, ಬಸ್ಸು, ಹಾಸ್ಟೆಲ್ ಸೇರುವುದಿಲ್ಲ. ಒಬ್ಬರಿಗೆ ಇಬ್ಬರು ಮಕ್ಕಳ ಮಿತಿ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ನಾಲ್ಕು ಮಕ್ಕಳಿಗೆ ಸಿಗುತ್ತದೆ, ಮೂರು ಮಕ್ಕಳ ವಿಧವೆಗೆ ಮೂರನೆಯದಕ್ಕೆ ಇಲ್ಲ. ನನಗಿದು ನ್ಯಾಯವಾಗಿ ಕಾಣುವುದಿಲ್ಲ.

ಇವತ್ತು ಕೊಡುತ್ತಿರುವ ವಿದ್ಯಾರ್ಥಿವೇತನಕ್ಕೆ ತೆರಿಗೆ ಇಲ್ಲ. ಹೆದರಬೇಡಿ, ಅದನ್ನು ಆದಾಯಕ್ಕೆ ಸೇರಿಸಲೂಬೇಡಿ. ಸಾಲ ಸಿಗಲಿ ಎಂದು ಇಲ್ಲದ ಆದಾಯ ತೋರಿಸಿ ರಿಟರ್ನ್ ಹಾಕಿಸುವವರ ಮಾತು ಕೇಳಬೇಡಿ. ಮುಂದಿನ ವರ್ಷ ಆ ಕಾಗದವೇ ಮಗುವಿನ ಅರ್ಜಿಗೆ ಅಡ್ಡ ಬರುತ್ತದೆ.

ಪ್ಯಾನ್, ಆಧಾರ್, ಪಾಸ್‌ಬುಕ್ ತಂದವರು ಊಟವಾದ ಮೇಲೆ ಬಾಗಿಲ ಬಳಿಯ ಮೇಜಿಗೆ ಬನ್ನಿ. ಅಸರ್ ನಮಾಜಿನವರೆಗೂ ಇರುತ್ತೇನೆ.