ಉಪ್ಪುನೀರು ಮತ್ತು ತೋಟದ ಮರಗಳು



ಬೇಸಿಗೆಯಲ್ಲಿ ಅಘನಾಶಿನಿಯ ಹರಿವು ಕ್ಷೀಣಿಸಿದಂತೆ ಸಮುದ್ರದ ಉಬ್ಬರವು ನದಿಯೊಳಗೆ ಮೇಲೇರುತ್ತದೆ. ದಂಡೆಯ ಬಾವಿಗಳಿಗೂ ಉಪ್ಪು ತಗಲುತ್ತದೆ. ಅದೇ ನೀರು ತೋಟಕ್ಕೆ ಹಾಯ್ದಾಗ ತೆಂಗು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಅಡಿಕೆ, ಮಾವುಗಳಿಗೆ ಆ ಶಕ್ತಿಯಿಲ್ಲ.

ಉಪ್ಪಿನ ಮೊದಲ ಬಾಧೆ ಬಾಯಾರಿಕೆ. ಬೇರಿನ ಸುತ್ತಲಿನ ನೀರಿನಲ್ಲಿ ಲವಣ ಹೆಚ್ಚಿದಷ್ಟೂ ಅದನ್ನು ಹೀರುವುದು ಮರಕ್ಕೆ ಕಷ್ಟ. ಮಣ್ಣು ಒದ್ದೆಯಾಗಿದ್ದರೂ ಚಿಗುರು ಗಿಡ್ಡ, ಎಲೆ ಕಿರಿದು, ಕಾಯಿ ಸಣ್ಣದು. ನೀರು ಸಾಲದೆಂದು ಭಾವಿಸಿದ ಕೃಷಿಕನು ಅದೇ ನೀರನ್ನು ದಿನವೂ ಸ್ವಲ್ಪಸ್ವಲ್ಪ ಉಣಿಸುತ್ತಾನೆ. ನೀರು ಆರಿಹೋಗುತ್ತದೆ, ಉಪ್ಪು ಉಳಿಯುತ್ತದೆ.

ಎರಡನೆಯದು ವಿಷ. ಸೋಡಿಯಂ, ಕ್ಲೋರೈಡ್‌ಗಳು ಎಲೆಯಲ್ಲಿ ಶೇಖರವಾಗಿ, ಹಳೆಯ ಎಲೆಗಳ ತುದಿ ಮತ್ತು ಅಂಚು ಮೊದಲು ಸುಡುತ್ತವೆ. ಬಾದಾಮಿಯಂತಹ ಮರಗಳಲ್ಲಿ ಸೋಡಿಯಂ ಮೊದಲ ಕೆಲವು ವರ್ಷ ಬೇರು ಹಾಗೂ ಕಾಂಡದ ಬುಡದಲ್ಲಿಯೇ ತಡೆದು ನಿಲ್ಲುತ್ತದೆ. ಎಳೆಯ ಕಟ್ಟಿಗೆ ಬಲಿತು ಚೇಗಾಗುವಾಗ ಅದು ಬಿಡುಗಡೆಗೊಂಡು ಎಲೆಗೇರುತ್ತದೆ. ಮೂರು ನಾಲ್ಕು ವರ್ಷ ಹಸಿರಾಗಿದ್ದ ತೋಟವು ಹಠಾತ್ತನೆ ಕರಕಲಾದಾಗ ರೋಗವನ್ನು ಹುಡುಕುವವರೇ ಹೆಚ್ಚು. ಹಳೆಯ ನೀರಿನ ನೆನಪು ಯಾರಿಗೂ ಇರುವುದಿಲ್ಲ.

ಲವಣವನ್ನು ವಿದ್ಯುತ್ ವಾಹಕತೆಯಿಂದ ಅಳೆಯುತ್ತಾರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 1985ರ ಕೈಪಿಡಿಯಂತೆ, ಮಣ್ಣಿನ ಸಾರದಲ್ಲಿ ಅದು ಮೀಟರಿಗೆ 1.5 ಡೆಸಿಸೀಮೆನ್ಸ್ ದಾಟಿದರೆ ಬಾದಾಮಿಯ ಇಳುವರಿ ಕುಗ್ಗತೊಡಗುತ್ತದೆ. ಮುಂದೆ ಒಂದೊಂದು ಮಾನಕ್ಕೂ ನಷ್ಟ ಸುಮಾರು ಶೇಕಡಾ 19. ಖರ್ಜೂರದ ಮಿತಿ 4, ನಷ್ಟ ಶೇಕಡಾ 3.6 ಮಾತ್ರ. ಸಮುದ್ರದ ನೀರಿನ ವಾಹಕತೆ 50ರ ಆಸುಪಾಸಿನಲ್ಲಿದೆ.

ಕರಾವಳಿಯ ತೋಟಗಳನ್ನು ಇದುವರೆಗೆ ಕಾಯ್ದುದು ಮಳೆಗಾಲ. ಜಡಿಮಳೆ ಬೇಸಿಗೆಯ ಉಪ್ಪನ್ನು ಬೇರಿನ ಕೆಳಕ್ಕೆ ತೊಳೆಯುತ್ತದೆ, ಬಸಿಗಾಲುವೆ ತೆರೆದಿದ್ದರೆ. ಮೊದಲ ತುಂತುರು ಮಳೆಯಾದರೋ ಮೇಲ್ಮಣ್ಣಿನ ಉಪ್ಪನ್ನು ಬೇರಿಗೇ ಇಳಿಸುವುದರಿಂದ ಆಗ ಹದ ಅರಿತು ಸಿಹಿನೀರು ಕೊಡಬೇಕು. ಉಪ್ಪುನೀರನ್ನು ಎಲೆಯ ಮೇಲೆ ತುಂತುರಾಗಿ ಹಾರಿಸುವುದು ಸಲ್ಲದು. ದರಗಿನ ಹೊದಿಕೆಯಿಂದ ನೀರು ಆರುವುದು ತಗ್ಗುತ್ತದೆ.

ಆದರೆ ಉಬ್ಬರವನ್ನು ತಡೆಯುವ ಶಕ್ತಿ ತೋಟದಲ್ಲಿಲ್ಲ, ಶಿರಸಿ, ಸಿದ್ದಾಪುರಗಳ ಹಳ್ಳಗಳಲ್ಲಿದೆ. ನದಿ ತಿರುವಿನ ಮಾತು ಬಂದಾಗಲೆಲ್ಲ ಸಮುದ್ರ ಸೇರುವ ನೀರು ವ್ಯರ್ಥವೆಂಬ ವಾದ ಕೇಳಿಬರುತ್ತದೆ. ಆ ವ್ಯರ್ಥ ನೀರೇ ಉಪ್ಪನ್ನು ಹಿಂದಕ್ಕೆ ತಳ್ಳುತ್ತಿರುವುದು. ಘಟ್ಟದ ಮೇಲೆ ಕಾಡು ಬೋಳಾದರೆ, ಹಳ್ಳಗಳು ಶಿವರಾತ್ರಿಗೇ ಬತ್ತಿದರೆ, ಕೆಳಗೆ ಉಪ್ಪಿನ ಗೆರೆ ಅಷ್ಟು ದೂರ ಮೇಲೇರುತ್ತದೆ. ವಾಹಕತೆಯ ಮಾಪಕ ಕಿಸೆಯಲ್ಲಿ ಹಿಡಿಯುವಷ್ಟು ಚಿಕ್ಕದು. ಜನವರಿಯಿಂದ ಜೂನ್‌ವರೆಗೆ ದಂಡೆಯ ಬಾವಿಗಳನ್ನು ತಿಂಗಳಿಗೊಮ್ಮೆ ಅಳೆದು ದಾಖಲಿಸುವ ಕೆಲಸವನ್ನು ಕೆಳಗಿನ ಶಾಲೆಗಳ ವಿದ್ಯಾರ್ಥಿಗಳೂ, ಹಳ್ಳದ ಹರಿವು ನಿಲ್ಲುವ ದಿನವನ್ನು ಬರೆದಿಡುವ ಕೆಲಸವನ್ನು ಘಟ್ಟದ ಶಾಲೆಗಳವರೂ ಈ ಬೇಸಿಗೆಯಲ್ಲಿಯೇ ಆರಂಭಿಸಬಹುದು.