ದುಬಾಯಿಗೆ ಹೊರಡುವ ಮುನ್ನ ಪೆನ್ಶನಿನ ಲೆಕ್ಕ

(ಮುಂಬಯಿಯಲ್ಲಿ ನಮ್ಮ ಸಂಘದ ರಾತ್ರಿ ಸಭೆಯಲ್ಲಿ ಮಾಡಿದ ಭಾಷಣ)



ಹೋಟೆಲಿನ ಶಟರ್ ಎಳೆದು, ಊಟವನ್ನು ಅರ್ಧಂಬರ್ಧ ಮುಗಿಸಿ ಇಲ್ಲಿ ಬಂದು ಕುಳಿತಿದ್ದೀರಿ. ಬೆಳಿಗ್ಗೆ ಐದಕ್ಕೆ ಮತ್ತೆ ಇಡ್ಲಿ ಹಬೆಗೆ ಇಡಬೇಕು. ನಾವು ಉದ್ದ ಪೀಠಿಕೆ ಹಾಕಿದರೆ ಅರ್ಧ ಜನ ಕುಳಿತಲ್ಲೇ ನಿದ್ದೆಹೋಗುತ್ತೀರಿ, ಅದು ನಿಮ್ಮ ತಪ್ಪೂ ಅಲ್ಲ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇವೆ.

ಈಚೆಗೆ ಸಂಘದ ಕಚೇರಿಗೆ ಬರುವ ಹುಡುಗರಲ್ಲಿ ಹೆಚ್ಚಿನವರು ಹೇಳುವುದು ಒಂದೇ ಮಾತು: "ಅಣ್ಣಾ, ದುಬಾಯಿ ವೀಸಾ ಬಂತು. ಪಿ.ಎಫ್. ಹಣ ಪೂರಾ ತೆಗೆಸಿಕೊಡಿ." ಉಡುಪಿ, ಕುಂದಾಪುರ, ಕಾರ್ಕಳದ ಕಡೆಯ ಹುಡುಗರು ಮುಂಬಯಿಗೆ ಬಂದು, ಇಲ್ಲಿಂದ ದುಬಾಯಿ, ಮಸ್ಕತ್, ಕುವೈತ್ ಎಂದು ಮುಂದೆ ಹೋಗುವುದು ಹೊಸದಲ್ಲ. ಹೋಗಬೇಡಿ ಎಂದು ನಾವು ಹೇಳುವುದಿಲ್ಲ. ಹೊಟ್ಟೆ ಕರೆದಲ್ಲಿಗೆ ಕಾಲು ಹೋಗುತ್ತದೆ. ಆದರೆ "ಪೂರಾ ತೆಗೆಸಿಕೊಡಿ" ಎಂಬ ಮಾತಿನಲ್ಲಿ "ಪೂರಾ" ಎಂಬ ಒಂದು ಶಬ್ದವಿದೆಯಲ್ಲ, ಈ ರಾತ್ರಿ ನಮ್ಮ ತಕರಾರು ಅದರ ಮೇಲೆ.

ಪಿ.ಎಫ್. ಎಂದರೆ ಒಂದೇ ಡಬ್ಬಿ ಎಂದು ನಮ್ಮವರು ತಿಳಿದಿದ್ದಾರೆ. ಡಬ್ಬಿ ಎರಡು. ನಿಮ್ಮ ಸಂಬಳದಿಂದ ನೂರಕ್ಕೆ ಹನ್ನೆರಡು ಕಡಿದದ್ದು ಪೂರ್ತಿಯಾಗಿ ಪ್ರಾವಿಡೆಂಟ್ ಫಂಡಿನ ಡಬ್ಬಿಗೆ ಬೀಳುತ್ತದೆ. ಧಣಿ ಹಾಕುವ ಹನ್ನೆರಡು ಮಾತ್ರ ಒಡೆಯುತ್ತದೆ: 8.33 ಪೆನ್ಶನ್ ಡಬ್ಬಿಗೆ, ಉಳಿದ 3.67 ನಿಮ್ಮ ಫಂಡಿಗೆ. 2014ರ ಸೆಪ್ಟೆಂಬರಿನಲ್ಲಿ ಈ ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿಯನ್ನು ₹6,500ರಿಂದ ₹15,000ಕ್ಕೆ ಏರಿಸಿದರು. ಹದಿನೈದು ಸಾವಿರದ ಮೇಲೆ 8.33 ಎಂದರೆ ತಿಂಗಳಿಗೆ ₹1,250. ಈ ಎರಡನೆಯ ಡಬ್ಬಿಯ ಹೆಸರು ನೌಕರರ ಪೆನ್ಶನ್ ಯೋಜನೆ. ಇದು 1995ರ ನವೆಂಬರ್ 16ರಂದು ಜಾರಿಗೆ ಬಂತು.

ಮೊದಲನೆಯ ಡಬ್ಬಿಯ ಹಣ ನಿಮ್ಮದು. ಮನೆಗೆ ಹಂಚು ಹೊದಿಸಲು, ತಂಗಿಯ ಮದುವೆಗೆ, ನಿಯಮದಂತೆ ತೆಗೆದುಕೊಳ್ಳಿ. ಎರಡನೆಯ ಡಬ್ಬಿಯನ್ನು ಒಡೆಯಬೇಡಿ ಎಂಬುದೇ ನಮ್ಮ ವಿನಂತಿ.

ಯಾಕೆಂದರೆ ಆ ಡಬ್ಬಿಗೆ ಹತ್ತು ವರ್ಷದ ಬೀಗವಿದೆ. ಹತ್ತು ವರ್ಷ ಸೇವೆ ತುಂಬಿದವನಿಗೆ 58ನೇ ವಯಸ್ಸಿನಿಂದ ಸಾಯುವ ತನಕ ತಿಂಗಳ ಪೆನ್ಶನ್. ತುಂಬದವನಿಗೆ ಪೆನ್ಶನ್ ಇಲ್ಲ, ಇಡುಗಂಟು ಮಾತ್ರ. ಲೆಕ್ಕ ಸುಲಭ. ಕಡೆಯ ಅರವತ್ತು ತಿಂಗಳ ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ, ಎಪ್ಪತ್ತರಿಂದ ಭಾಗಿಸಿ. ಹದಿನೈದು ಸಾವಿರದ ಮೇಲೆ ಹತ್ತು ವರ್ಷಕ್ಕೆ ತಿಂಗಳಿಗೆ ₹2,143. ಹನ್ನೆರಡು ವರ್ಷಕ್ಕೆ ₹2,571. "ಇಷ್ಟೇ ಏನು?" ಎಂದು ನಗುತ್ತೀರಿ. ನಗಿ. ಆದರೆ ಇಡುಗಂಟಾಗಿ ತೆಗೆದರೆ ಎಷ್ಟು ಸಿಗುತ್ತದೆ ಗೊತ್ತೆ? ಸುಮಾರಾಗಿ, ವರ್ಷಕ್ಕೆ ಒಂದು ತಿಂಗಳ ಸಂಬಳ. ಒಂಬತ್ತು ವರ್ಷ ದುಡಿದವನಿಗೆ ಒಂದೂಕಾಲು, ಒಂದೂವರೆ ಲಕ್ಷದ ನಡುವೆ. ಇನ್ನೊಂದು ವರ್ಷ ತಾಳಿ ಪೆನ್ಶನ್ ಹಿಡಿದವನು ಆ ಮೊತ್ತವನ್ನು ಆರು ವರ್ಷದೊಳಗೆ ಎಣಿಸಿಕೊಳ್ಳುತ್ತಾನೆ. 64ರ ಮೇಲೆ ಬದುಕಿದ್ದಷ್ಟು ದಿನವೂ ಲಾಭವೇ. ಅವನು ಹೋದ ಮೇಲೆ ಹೆಂಡತಿಗೆ ವಿಧವಾ ಪೆನ್ಶನ್ ಉಂಟು. ಆರು ತಿಂಗಳು ಅಥವಾ ಮೇಲ್ಪಟ್ಟ ತುಂಡು ವರ್ಷವನ್ನು ಪೂರ್ತಿ ವರ್ಷವೆಂದೇ ಎಣಿಸುತ್ತಾರೆ ಎಂಬುದನ್ನೂ ನೆನಪಿಡಿ. ಒಂಬತ್ತೂವರೆಗೆ ಕೆಲವೇ ತಿಂಗಳು ಉಳಿದಿದ್ದರೆ ವಿಮಾನದ ಟಿಕೆಟನ್ನು ಸ್ವಲ್ಪ ಹಿಂದೆ ಹಾಕುವುದೇ ಜಾಣತನ.

ಈಗ ಹೋಟೆಲಿನವರ ಕಥೆ ನೋಡಿ. ಕೋಟೆಯಲ್ಲಿ ಮೂರು ವರ್ಷ, ಮಾಟುಂಗದಲ್ಲಿ ನಾಲ್ಕು, ಚೆಂಬೂರಿನಲ್ಲಿ ಎರಡು. ಧಣಿಯೊಡನೆ ಮಾತಿಗೆ ಮಾತು ಬೆಳೆದರೆ ಚೀಲ ಹೆಗಲಿಗೆ. ಪ್ರತಿ ಸಲವೂ ಫಂಡು ತೆಗೆದು, ಪೆನ್ಶನ್ ಡಬ್ಬಿಯನ್ನೂ ಬಡಿದು ಖಾಲಿಮಾಡಿ ಹೋಗುತ್ತೇವೆ. ಇಪ್ಪತ್ತೈದು ವರ್ಷ ಎಂಜಲು ಪ್ಲೇಟು ಎತ್ತಿದವನ ಪೆನ್ಶನ್ ಸೇವೆ ಕಾಗದದ ಮೇಲೆ ಎರಡು ವರ್ಷ! ಗಿರಣಿಯಲ್ಲಿ ಒಂದೇ ಗೇಟಿನಲ್ಲಿ ಇಪ್ಪತ್ತು ವರ್ಷ ಹೊಕ್ಕು ಹೊರಟವನಿಗೆ ಈ ಆಪತ್ತು ಇರಲಿಲ್ಲ. 20 ವರ್ಷ ತುಂಬಿದವರಿಗೆ ಲೆಕ್ಕದಲ್ಲಿ ಎರಡು ವರ್ಷ ಹೆಚ್ಚಿಗೆ ಸೇರಿಸುತ್ತಾರೆ ಕೂಡ.

ಹಾಗಾದರೆ ಪರದೇಶಕ್ಕೆ ಹೋಗುವವನು ಏನು ಮಾಡಬೇಕು? ಕೆಲಸ ಬಿಟ್ಟಾಗ ತುಂಬುವ 10-ಸಿ ಎಂಬ ಅರ್ಜಿಯಲ್ಲಿ ಎರಡು ದಾರಿ ಇವೆ. ಒಂದು, ಹಣ. ಇನ್ನೊಂದು, ಸ್ಕೀಮ್ ಸರ್ಟಿಫಿಕೇಟು. ಎರಡನೆಯದನ್ನು ಕೇಳಿದರೆ ನೀವು ದುಡಿದ ಅಷ್ಟೂ ವರ್ಷಗಳನ್ನು ಬರೆದು ಒಂದು ಪತ್ರ ಕೊಡುತ್ತಾರೆ. ಏಳು ವರ್ಷ ಇಲ್ಲಿ ದುಡಿದು, ದುಬಾಯಿಯಲ್ಲಿ ಎಂಟು ವರ್ಷ ಇದ್ದು, ತಿರುಗಿ ಬಂದು ಮುಂಬಯಿಯಲ್ಲೋ ಮಂಗಳೂರಿನಲ್ಲೋ ಪಿ.ಎಫ್. ಇರುವ ಹೋಟೆಲಿಗೆ ಸೇರಿದರೆ ಆ ಏಳರ ಮುಂದಿನ ಎಂಟನೆಯ ವರ್ಷದಿಂದ ಎಣಿಕೆ ಶುರು. ನಡುವಿನ ದುಬಾಯಿಯ ವರ್ಷಗಳು ಲೆಕ್ಕಕ್ಕೆ ಬಾರವು, ಆದರೆ ಹಿಂದಿನ ಏಳು ವರ್ಷ ಎಲ್ಲಿಗೂ ಹೋಗುವುದಿಲ್ಲ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಸ್ಟೇಷನ್ ಪಕ್ಕದ ಸೈಬರ್ ಅಂಗಡಿಯಲ್ಲಿ ಇನ್ನೂರು ರೂಪಾಯಿ ಇಸಕೊಂಡು ಅರ್ಜಿ ತುಂಬುವವನು ಕೇಳದೆಯೇ "ಹಣ" ಎಂದು ಒತ್ತುತ್ತಾನೆ. ಅವನಿಗೇನು? ಮುದುಕನಾಗುವುದು ನೀವು.

ಅಲ್ಲಿ ಪೆನ್ಶನ್ ಸಿಗುವುದಿಲ್ಲವೆ ಎಂದು ಕೆಲವರು ಕೇಳಿದ್ದಾರೆ. ಇಲ್ಲ. ಕೊಲ್ಲಿ ದೇಶಗಳಲ್ಲಿ ಸರಕಾರಿ ಪೆನ್ಶನ್ ಅಲ್ಲಿಯ ಪ್ರಜೆಗಳಿಗೆ, ನಮ್ಮಂಥ ದುಡಿಮೆಗಾರರಿಗಲ್ಲ. ನಮಗೆ ಸಿಗುವುದು ಕೆಲಸ ಮುಗಿದಾಗಿನ ಇಡುಗಂಟು ಒಂದೇ. ಸಂಯುಕ್ತ ಅರಬ್ ಸಂಸ್ಥಾನದ ಕಾನೂನಿನಲ್ಲಿ ಒಂದು ವರ್ಷ ತುಂಬಿದವನಿಗೆ ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ 21 ದಿನದ, ಆಮೇಲೆ ವರ್ಷಕ್ಕೆ 30 ದಿನದ ಮೂಲ ಸಂಬಳ. ಮೂಲ ಸಂಬಳ ಎಂಬುದನ್ನು ಕಿವಿಗೊಟ್ಟು ಕೇಳಿ. ಕರಾರು ಪತ್ರದಲ್ಲಿ ಮೂಲ ಸಂಬಳ ಕಡಿಮೆ ಬರೆದು, ಉಳಿದುದನ್ನು ಊಟ, ವಸತಿ, ಭತ್ಯೆ ಎಂದು ತೋರಿಸಿದರೆ ಹತ್ತು ವರ್ಷದ ಮೇಲೆ ಕೈಗೆ ಬರುವುದು ಚಿಲ್ಲರೆ. ಸಹಿ ಹಾಕುವ ಮೊದಲು ಆ ಒಂದು ಸಾಲನ್ನು ಓದಿಸಿಕೊಳ್ಳಿ. ಏಜೆಂಟನಿಗೆ ಕೊಡುವ ಶುಲ್ಕಕ್ಕೂ ನಮ್ಮ ಸರಕಾರ ₹30,000ದ ಮಿತಿ ಹಾಕಿದೆ, ತೆರಿಗೆ ಬೇರೆ. ಪೆನ್ಶನ್ ಡಬ್ಬಿ ಒಡೆದು ಅವನ ಕಿಸೆ ತುಂಬುವ ಮೊದಲು ರಸೀತಿ ಕೇಳಿ ನೋಡಿ. ಬಾಯಿ ಬಿಡುವುದಿಲ್ಲ.

ದೇಶ ದೇಶಗಳ ನಡುವೆ ಇದಕ್ಕೆಂದೇ ಒಪ್ಪಂದಗಳಿವೆ. ಬೆಲ್ಜಿಯಮಿನೊಡನೆ ನಮ್ಮ ದೇಶ ಮಾಡಿಕೊಂಡದ್ದು 2009ರಲ್ಲಿ ಜಾರಿಗೆ ಬಂತು; ಆಮೇಲೆ ಜರ್ಮನಿ, ಫ್ರಾನ್ಸ್, ಜಪಾನ್, ಕೆನಡಾ, ಆಸ್ಟ್ರೇಲಿಯಾ ಮೊದಲಾದ ದೇಶಗಳೂ ಸೇರಿದವು. ಇಂಥ ಒಪ್ಪಂದ ಇದ್ದರೆ ಎರಡು ಕಡೆಯ ಸೇವೆಯನ್ನು ಕೂಡಿಸಿ ಪೆನ್ಶನಿಗೆ ಹಿಡಿಯುವ ಅನುಕೂಲ ಸಾಮಾನ್ಯವಾಗಿ ಇರುತ್ತದೆ. ಲಕ್ಷಾಂತರ ಬಡ ದುಡಿಮೆಗಾರರು ಹೋಗುವ ಕೊಲ್ಲಿ ದೇಶಗಳೊಡನೆ ಮಾತ್ರ ಇಲ್ಲ! ಕೋಟು ಹಾಕಿ ಹೋಗುವವನಿಗೆ ಒಪ್ಪಂದ, ಏಪ್ರನ್ ಕಟ್ಟಿ ಹೋಗುವವನಿಗೆ ದೇವರೇ ಗತಿ. 2012ರಲ್ಲಿ ಮಹಾತ್ಮಾ ಗಾಂಧಿ ಪ್ರವಾಸಿ ಸುರಕ್ಷಾ ಯೋಜನೆ ಎಂದು ಹತ್ತನೇ ತರಗತಿ ದಾಟದೆ ಹೋದ ಕಾರ್ಮಿಕರಿಗಾಗಿ ಒಂದು ಪೆನ್ಶನ್ ಯೋಜನೆ ತೆರೆದರು. ಸೇರಿದವರು ಬಹಳ ಕಡಿಮೆ. 2017ರಲ್ಲಿ ಮುಚ್ಚಿಬಿಟ್ಟರು. ಅಂದಮೇಲೆ ನಮ್ಮ ಕೈಯಲ್ಲಿ ಉಳಿದಿರುವುದು ಇಲ್ಲಿ ಕೂಡಿಟ್ಟ ಸೇವೆಯೇ.

ಹೊರಡುವ ಮೊದಲು ಮಾಡಬೇಕಾದ ಕೆಲಸವನ್ನೂ ಹೇಳಿಬಿಡುತ್ತೇವೆ. ಆಧಾರದಲ್ಲಿ ಒಂದು ಹೆಸರು, ಪಿ.ಎಫ್.ನಲ್ಲಿ ಇನ್ನೊಂದು ಹೆಸರು ಎಂಬ ರಗಳೆ ನಮ್ಮವರಲ್ಲಿ ಬಹಳ. ಹದಿನಾಲ್ಕರ ಹುಡುಗನನ್ನು ಹದಿನೆಂಟು ಎಂದು ಬರೆಸಿ ಕೆಲಸಕ್ಕೆ ಹಚ್ಚಿದ ಕಾಲದ ಹುಟ್ಟಿದ ತಾರೀಕು ಇನ್ನೂ ಕೆಲವರ ಬೆನ್ನು ಬಿಟ್ಟಿಲ್ಲ. ಇದನ್ನೆಲ್ಲ ಇಲ್ಲಿ ಇರುವಾಗಲೇ ತಿದ್ದಿಸಿ. ಅಲ್ಲಿಗೆ ಹೋದ ಮೇಲೆ ಮೊಬೈಲಿಗೆ ಬರುವ ಓ.ಟಿ.ಪಿ. ಇಲ್ಲದೆ ಒಂದು ಅಕ್ಷರ ತಿದ್ದಲಾಗುವುದಿಲ್ಲ. ರೀಚಾರ್ಜು ಮಾಡದೆ ಊರಿನ ನಂಬರು ಸತ್ತು, ಅದು ಬೇರೆಯವರ ಪಾಲಾದರೆ ನಿಮ್ಮ ಖಾತೆಗೆ ನೀವೇ ಪರಕೀಯರು. ಮನೆಯಲ್ಲಿ ತಮ್ಮನಿಗೋ ಹೆಂಡತಿಗೋ ಹೇಳಿ ಆ ನಂಬರನ್ನು ಜೀವಂತ ಇಡಿಸಿ. ನಾಮಿನಿ ಹೆಸರು ಹಾಕಿಸಿ. ಕೆಲಸದಲ್ಲಿ ಇರುವಾಗ ತೀರಿಕೊಂಡರೆ ಒಂದೇ ತಿಂಗಳ ವಂತಿಗೆ ಬಿದ್ದಿದ್ದರೂ ಹೆಂಡತಿಗೆ ಪೆನ್ಶನ್ ಉಂಟು. ಬಹಳ ಮನೆಗಳಲ್ಲಿ ಇದು ಗೊತ್ತೇ ಇಲ್ಲ.

ಪೆನ್ಶನ್ ಶುರುವಾದ ಮೇಲೆ ನೀವು ಎಲ್ಲೇ ಇರಿ, ಅದು ನಿಮ್ಮದೇ. ಮೊದಲು ಮುಂಬಯಿ ಬಿಟ್ಟು ಊರು ಸೇರಿದ ಗಿರಣಿಯ ಹಿರಿಯರು ಪೆನ್ಶನ್ ಕಾಗದವನ್ನು ಒಂದು ಕಚೇರಿಯಿಂದ ಇನ್ನೊಂದಕ್ಕೆ ವರ್ಗ ಮಾಡಿಸಬೇಕಿತ್ತು. ತಿಂಗಳುಗಟ್ಟಲೆ ಹಣ ನಿಲ್ಲುತ್ತಿತ್ತು. 2025ರ ಜನವರಿಯಿಂದ ಹೊಸ ಏರ್ಪಾಡು ಬಂದು, ದೇಶದ ಯಾವ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಪಡೆಯುವಂತಾಯಿತು. ಈ ಒಂದು ಕೆಲಸಕ್ಕೆ ಸರಕಾರವನ್ನು ಹೊಗಳಲೇಬೇಕು. ಪರದೇಶದಲ್ಲಿ ಇರುವವರು ಮಾತ್ರ ಇಲ್ಲಿಯ ಉಳಿತಾಯ ಖಾತೆಯನ್ನು ಅನಿವಾಸಿಗಳ ಎನ್.ಆರ್.ಓ. ಖಾತೆಯಾಗಿ ಬದಲಿಸಿಕೊಳ್ಳಬೇಕು, ಪೆನ್ಶನ್ ಅದಕ್ಕೇ ಬೀಳುತ್ತದೆ.

ವರ್ಷಕ್ಕೊಮ್ಮೆ ಬದುಕಿದ್ದೇವೆ ಎಂದು ತೋರಿಸಬೇಕು. ಆ ಜೀವನ ಪ್ರಮಾಣ ಪತ್ರವನ್ನು ನಮ್ಮ ಯೋಜನೆಯವರು ವರ್ಷದ ಯಾವ ತಿಂಗಳಲ್ಲಾದರೂ ಕೊಡಬಹುದು, ಕೊಟ್ಟ ದಿನದಿಂದ ಹನ್ನೆರಡು ತಿಂಗಳು ಅದು ಊರ್ಜಿತ. ನವೆಂಬರಿನಲ್ಲಿ ಬ್ಯಾಂಕಿನ ಮುಂದೆ ಸಾಲು ನಿಲ್ಲಬೇಕಾಗಿಲ್ಲ. ನಡೆಯಲಾಗದ ಮುದುಕರ ಮನೆಗೆ ಅಂಚೆ ಬ್ಯಾಂಕಿನ ಪೋಸ್ಟ್‌ಮನ್ನೇ ಯಂತ್ರ ಹಿಡಿದು ಬರುತ್ತಾನೆ. ಬೆರಳು ಸವೆದು ಗುರುತು ಹತ್ತದವರಿಗೆ ಮುಖ ತೋರಿಸಿ ಮಾಡುವ ವಿಧಾನವೂ ಬಂದಿದೆ. ಮೋರಿಯ ಮುಂದೆ ಸೋಡಾ ಪುಡಿಯಲ್ಲಿ ಪಾತ್ರೆ ತಿಕ್ಕಿದ ಬೆರಳಿಗೆ ರೇಖೆ ಎಲ್ಲಿ ಉಳಿದೀತು! ಪರದೇಶದಲ್ಲಿ ಇರುವವರಿಗೆ ಭಾರತದ ರಾಯಭಾರ ಕಚೇರಿಯಲ್ಲಿ ಈ ಪತ್ರ ಮಾಡಿಕೊಡುತ್ತಾರೆ.

ರಾಜ್ಯ ಸರಕಾರಗಳ ವೃದ್ಧಾಪ್ಯ ವೇತನದ ದಾರಿಯೇ ಬೇರೆ. ಕರ್ನಾಟಕದ ಸಂಧ್ಯಾ ಸುರಕ್ಷಾ ಕರ್ನಾಟಕದಲ್ಲಿ ವಾಸ ಇರುವವರಿಗೆ. ಮಹಾರಾಷ್ಟ್ರದ ಶ್ರಾವಣಬಾಳ ಯೋಜನೆಗೆ ಇಲ್ಲಿ ಹದಿನೈದು ವರ್ಷ ವಾಸವಿದ್ದ ದಾಖಲೆ ಬೇಕು. ಹೋಟೆಲಿನ ಅಟ್ಟದ ಮೇಲೆ ಮಲಗಿ ಮೂವತ್ತು ವರ್ಷ ಕಳೆದವನ ಹತ್ತಿರ ಯಾವ ವಾಸದ ದಾಖಲೆ? ಊರಿನವರು "ಮುಂಬಯಿಯವ" ಎನ್ನುತ್ತಾರೆ, ಇಲ್ಲಿಯವರು "ಕಾನಡಿ" ಎನ್ನುತ್ತಾರೆ. ವಂತಿಗೆ ಕಟ್ಟಿ ಪಡೆದ ಪೆನ್ಶನಿಗೆ ಮಾತ್ರ ಈ ಪ್ರಶ್ನೆ ಇಲ್ಲ. 2014ರಲ್ಲಿ ಅದರ ಕನಿಷ್ಠ ಮೊತ್ತವನ್ನು ₹1,000 ಎಂದು ಗೊತ್ತುಮಾಡಿದರು. ₹7,500 ಬೇಕೆಂದು ಪೆನ್ಶನಿನವರು ವರ್ಷಗಟ್ಟಲೆ ಚಳವಳಿ ಹೂಡಿದ್ದಾರೆ. ಅವರ ಬೇಡಿಕೆ ನ್ಯಾಯವಾದದ್ದು, ಸಂಘ ಅವರ ಜತೆಗಿದೆ. ಆದರೆ ಮೊತ್ತ ಏರಿದ ದಿನ ನಾವು ಆ ಪಟ್ಟಿಯಲ್ಲಿ ಇರಬೇಕಲ್ಲವೆ?

ಇನ್ನೊಂದು ಎಚ್ಚರ. ಕೆಲಸ ಬಿಟ್ಟ ಎರಡು ತಿಂಗಳ ಮೇಲೆ ಪೆನ್ಶನ್ ಡಬ್ಬಿಯ ಹಣ ತೆಗೆಯಬಹುದೆಂಬ ನಿಯಮವನ್ನು ಬದಲಿಸಿ, ಮೂವತ್ತಾರು ತಿಂಗಳು ಕಾಯುವಂತೆ ಮಾಡಲು ಕೇಂದ್ರದ ಟ್ರಸ್ಟಿಗಳ ಮಂಡಲಿ 2025ರ ಅಕ್ಟೋಬರಿನಲ್ಲಿ ತೀರ್ಮಾನಿಸಿತು. ಇದನ್ನು ಕೇಳಿ ಗಾಬರಿಯಾಗಿ "ಈಗಲೇ ತೆಗೆದುಬಿಡೋಣ" ಎಂದು ಓಡಿದವರಿದ್ದಾರೆ. ಹಾಗೆ ಓಡಬೇಡಿ, ಮೊದಲು ಸಂಘಕ್ಕೆ ಬನ್ನಿ.

ಬರುವ ಸೋಮವಾರದಿಂದ ಮೂರು ರಾತ್ರಿ, ಹತ್ತೂವರೆಯ ಮೇಲೆ, ನಮ್ಮ ಕಚೇರಿಯಲ್ಲಿ ಕುಳಿತು ಪಾಸ್‌ಬುಕ್ ನೋಡಿ ನಿಮ್ಮ ಸೇವೆಯ ವರ್ಷ ಎಣಿಸಿಕೊಡುತ್ತೇವೆ. 10-ಸಿ ಅರ್ಜಿಯನ್ನೂ ತುಂಬಿಕೊಡುತ್ತೇವೆ. ಆಧಾರ್, ಯು.ಎ.ಎನ್. ನಂಬರು, ಬ್ಯಾಂಕಿನ ಪುಸ್ತಕ, ಆಧಾರಕ್ಕೆ ಜೋಡಿಸಿದ ಮೊಬೈಲು ತನ್ನಿ. ಹಿಂದೆ ದುಡಿದ ಹೋಟೆಲುಗಳ ಹೆಸರನ್ನೂ ಬಿಟ್ಟ ವರ್ಷವನ್ನೂ ಒಂದು ಚೀಟಿಯಲ್ಲಿ ಬರೆದು ತಂದರೆ ಕೆಲಸ ಬೇಗ ಆಗುತ್ತದೆ. ಬರೆಯಲು ಬಾರದವರು ಬಾಯಲ್ಲಿ ಹೇಳಿ, ಬರೆದುಕೊಳ್ಳಲು ರಾತ್ರಿ ಶಾಲೆಯ ಇಬ್ಬರು ಹುಡುಗರು ಇರುತ್ತಾರೆ. ಫೀಸು ಇಲ್ಲ.